ದೇವದಾರು ಪೆಟ್ಟಿಗೆಯ ಟೀಚರಮ್ಮ

ಹನ್ನೊಂದನೇ ದಿನದ ಕಾರ್ಯದ ಊಟಕ್ಕೆ ಕೂತಿದ್ದೆವು. ನನ್ನ ಪಕ್ಕದ ಎಲೆಯಲ್ಲಿದ್ದ ಹೆಂಗಸು ತೀರಿಕೊಂಡವರಿಗೆ ದೂರದ ನೆಂಟರು, ಗೌರಿಬಿದನೂರು ಕಡೆಯವರು. ಪಾಯಸಕ್ಕೆ ವಡೆ ಅದ್ದಿಕೊಳ್ಳುತ್ತಾ ನನ್ನ ಕಡೆ ವಾಲಿ, "ಪಾಪ, ಮಕ್ಕಳು ಮರಿ ಇರ್ಲಿಲ್ಲ ನೋಡಿ. ಆ ಪೆಟ್ಟಿಗೇನೇ ಮಗು ಅಂದ್ಕೊಂಡು ಸಾಕ್ಕೊಂಡಿದ್ರು. ಒಂಥರಾ ಹುಚ್ಚು" ಅಂದರು. ಅಂದು ಇನ್ನೊಂದು ವಡೆ ಹಾಕಿಸಿಕೊಂಡರು.

ನಾನು ಎಲೆ ಮಡಿಚಿ ಎದ್ದುಬಿಟ್ಟೆ. ಕಾರ್ಯದ ಮನೆಯಲ್ಲಿ ಅರ್ಧ ಊಟಕ್ಕೆ ಏಳಬಾರದು ಅಂತ ನನಗೂ ಗೊತ್ತು. ಕೂತಿದ್ದರೆ ಬಾಯಿಗೆ ಬಂದದ್ದು ಆಡಿಬಿಡುತ್ತಿದ್ದೆ. ಅವತ್ತು ಆಡದೆ ನುಂಗಿದ್ದನ್ನು ಈಗ ಬರೆಯುತ್ತಿದ್ದೇನೆ. ಶಾಂತವಾಗಿ ಬರೆಯೋಣ ಅಂತ ಒಂದೆರಡು ಸಲ ಕೂತೆ, ಆಗಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಕಣ್ಣೀರು ಬರಬೇಕಂತೆ. ನನಗೆ ಬರುವುದು ಸಿಟ್ಟು, ಏನು ಮಾಡಲಿ.

ಅವರ ಹೆಸರು ಬರೆಯುವುದಿಲ್ಲ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದರು, ಹಾಗಾಗಿ ಎದುರಿಗೆ ಟೀಚರಮ್ಮ. ಬೆನ್ನ ಹಿಂದೆ ದೇವದಾರಮ್ಮ. ತವರು ನಗರಗೆರೆ ಕಡೆ, ಹೊಲ ಮನೆ ಇದ್ದ ಕುಟುಂಬ. ಗಂಡ ಮಿಲಿಟರಿಯಲ್ಲಿದ್ದರು. ಹಿಮಾಚಲದ ಕಡೆ ಇದ್ದಾಗ ಅಲ್ಲಿನ ಬಡಗಿಯ ಕೈಲಿ ದೇವದಾರು ಮರದ ಒಂದು ಪೆಟ್ಟಿಗೆ, ಒಂದು ಕುರ್ಚಿ ಮಾಡಿಸಿ, ರಿಟೈರಾಗಿ ಬರುವಾಗ ರೈಲಿಗೆ ಹಾಕಿಸಿಕೊಂಡು ಬಂದರು. ಪೆಟ್ಟಿಗೆ ಅಂದರೆ ಸಣ್ಣದಲ್ಲ, ದೊಡ್ಡವರೊಬ್ಬರು ಕಾಲು ಮಡಿಚಿಕೊಂಡು ಒಳಗೆ ಮಲಗಬಹುದು. ಬಂದ ಕೆಲವೇ ವರ್ಷಕ್ಕೆ ಅವರು ಎದೆನೋವಿನಿಂದ ಹೋಗಿಬಿಟ್ಟರು. ಟೀಚರಮ್ಮನಿಗೆ ಉಳಿದದ್ದು ಪೆನ್ಷನ್ನು, ಬೀದಿಯ ಕೊನೆಯ ಹಂಚಿನ ಮನೆ, ಈ ಮರದ ಸಾಮಾನು.

ಆ ಕುರ್ಚಿಯಲ್ಲಿ ಅವರು ಕೂರುತ್ತಿದ್ದರು. ಪೆಟ್ಟಿಗೆಯಲ್ಲಿ ನಾವೆಲ್ಲ ಇದ್ದೆವು.

ಇದನ್ನು ಬಿಡಿಸಿ ಹೇಳಬೇಕು. ನಮ್ಮದು ರೇಷ್ಮೆಯ ಊರು. ಹುಳು ಸಾಕುವವರು, ಗೂಡು ಮಾರುವವರು, ನೂಲು ತೆಗೆಯುವವರು ಎಲ್ಲ ನಾವೇ. ಆದರೂ ನಮ್ಮ ಬೀದಿಯ ಹೆಂಗಸರ ಹತ್ತಿರ ಇದ್ದದ್ದು ತಲೆಗೊಂದು ರೇಷ್ಮೆ ಸೀರೆ, ಧಾರೆ ಸೀರೆ. ಅದನ್ನು ಇಡುವುದೆಲ್ಲಿ? ತಗಡಿನ ಟ್ರಂಕಿನಲ್ಲಿಟ್ಟರೆ ತುಕ್ಕಿನ ಕಲೆ. ಗೋಡೆಯ ಗೂಡಿನಲ್ಲಿಟ್ಟರೆ ನುಸಿ. ನುಸಿಗುಳಿಗೆ ಹಾಕಿದರೆ ಜರಿ ಕಪ್ಪಿಡುತ್ತದೆ. ಟೀಚರಮ್ಮನ ಎದುರುಮನೆಯ ಮುನಿರತ್ನಮ್ಮ, ಒಂದು ಕೋಣೆಯಲ್ಲಿ ಸಂಸಾರ ಇನ್ನೊಂದು ಕೋಣೆಯಲ್ಲಿ ರೇಷ್ಮೆಹುಳು ಇಟ್ಟುಕೊಂಡವಳು, ಒಂದು ದಿನ ನುಸಿ ತಿಂದ ಅಂಚು ಹಿಡಿದು ಜಗಲಿ ಮೇಲೆ ಅಳುತ್ತಾ ಕೂತಿದ್ದಳಂತೆ. ಅವಳ ತಾಯಿ ಉಟ್ಟು, ಆಮೇಲೆ ಇವಳು ಧಾರೆಗೆ ಉಟ್ಟ ಸೀರೆ ಅದು, ಬದನೆಕಾಯಿ ಬಣ್ಣದ್ದು. ಟೀಚರಮ್ಮ ಅಳು ಸಹಿಸುವ ಜಾತಿಯಲ್ಲ. "ಅತ್ರೆ ನುಸಿ ಓಡೋಗುತ್ತಾ? ತಗೊಂಬಾ ಇಲ್ಲಿ. ನನ್ನ ಪೆಟ್ಟಿಗೇಲಿರ್ಲಿ. ಏನಾದ್ರೂ ಆದ್ರೆ ನಾನು ಜವಾಬ್ದಾರಿ" ಅಂದರು.

ಒಂದು ಸೀರೆ ಹೋದ ಮೇಲೆ ಇನ್ನೊಂದು ಹೋಗದೆ ಇರುತ್ತದೆಯೇ. ಮೂಲೆಮನೆಯ ಫರ್ಜಾನಾ ನಿಕಾಹ್‌ನ ಸೀರೆ ತಂದಳು. ನೂಲು ತೆಗೆಯುವ ಫಿಲೇಚರಿಗೆ ಕೆಲಸಕ್ಕೆ ಹೋಗುವ ಅಕ್ಕತಂಗಿಯರು ತಂದರು. ನನ್ನ ಮದುವೆಯಾಗಿ ಚಿಂತಾಮಣಿಗೆ ಹೋಗುವಾಗ ನಾನೂ ನನ್ನ ಧಾರೆ ಸೀರೆ ಅಲ್ಲೇ ಬಿಟ್ಟು ಹೋದೆ. ಹಬ್ಬಕ್ಕೆ, ಮದುವೆಗೆ ಬೇಕಾದಾಗ ಹೋಗಿ ತೆಗೆದುಕೊಳ್ಳುವುದು, ಉಟ್ಟು, ನೆರಳಲ್ಲಿ ಆರಹಾಕಿ, ಮತ್ತೆ ಕೊಡುವುದು. ಬೆವರಿನ ವಾಸನೆ ಹೋಗದ ಸೀರೆಯನ್ನು ಮೂಸಿ ನೋಡಿ ಮುಖಕ್ಕೇ ವಾಪಸ್ ಎಸೆಯುತ್ತಿದ್ದರು. ಪ್ರತಿ ಸೀರೆಯನ್ನೂ ಒಗೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಯೇ ಕೊಡಬೇಕು. ದೇವದಾರುವಿನಲ್ಲಿ ಎಣ್ಣೆ ಇದೆ, ಅದರ ವಾಸನೆ ನುಸಿಯನ್ನು ದೂರ ಇಡುತ್ತದೆ, ಆದರೆ ಎಣ್ಣೆ ನೇರವಾಗಿ ತಾಗಿದರೆ ಬಟ್ಟೆಗೆ ಕಲೆ. ಫರ್ಜಾನಾಳದು ಚೌಕಳಿ ಲುಂಗಿಯಲ್ಲಿ, ಮುನಿರತ್ನಮ್ಮನದು ಅವಳಪ್ಪನ ಪಂಚೆಯಲ್ಲಿ, ನನ್ನದು ಅಮ್ಮನ ಹರಿದ ವಾಯಿಲ್ ಸೀರೆಯಲ್ಲಿ. ಮುಚ್ಚಳ ಎತ್ತಿದರೆ ಇಡೀ ಬೀದಿಯ ಮನೆಬಳಕೆ ಬಟ್ಟೆ ಕಾಣುತ್ತಿತ್ತು, ರೇಷ್ಮೆ ಒಂದೆಳೆಯೂ ಕಾಣುತ್ತಿರಲಿಲ್ಲ.

ಇಂಥ ಪೆಟ್ಟಿಗೆಯನ್ನು ಅವರು ನೋಡಿಕೊಂಡ ರೀತಿಗೆ ಹುಚ್ಚು ಅಂತ ಹೆಸರಿಟ್ಟರು. ಹುಚ್ಚಲ್ಲ, ಅದಕ್ಕೊಂದು ಕ್ರಮ ಇತ್ತು. ಪೆಟ್ಟಿಗೆಯ ಹೊರಮೈಗೆ ಅರಗಿನ ಪಾಲಿಶ್. ಅರಗಿನ ಹಳಕುಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ, ಹತ್ತಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಉಂಡೆ ಕಟ್ಟಿ, ಅದರಿಂದ ತೆಳ್ಳಗೆ ಎಳೆಯುವುದು. ಆರಿದ ಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ದಪ್ಪಗೆ ಒಂದೇ ಸಲ ಬಳಿಯುವುದನ್ನು ಅವರು ಗೋಡೆಗೆ ಸುಣ್ಣ ಹೊಡೆಯುವುದು ಅನ್ನುತ್ತಿದ್ದರು. ಮಳೆಗಾಲದಲ್ಲಿ ಮುಟ್ಟುತ್ತಿರಲಿಲ್ಲ, ತೇವಕ್ಕೆ ಪಾಲಿಶ್ ಬೂದಿ ಹಿಡಿಯುತ್ತದೆ. ಆಷಾಢದ ಗಾಳಿಯಲ್ಲಿ ಮುಟ್ಟುತ್ತಿರಲಿಲ್ಲ, ಧೂಳು ಕೂರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಗಟ್ಟಿಯಾದಾಗ ಅವರ ಕೆಲಸ ಶುರು.

ಒಳಮೈಗೆ ಮಾತ್ರ ಏನೂ ಇಲ್ಲ. ಪಾಲಿಶ್ ಇಲ್ಲ, ಎಣ್ಣೆ ಇಲ್ಲ, ನೀರು ಸೋಕಿದ ಬಟ್ಟೆಯೂ ಇಲ್ಲ. ವರ್ಷಕ್ಕೊಂದು ಸಲ ನಯವಾದ ಉಪ್ಪುಕಾಗದದಿಂದ ಮರದ ಎಳೆ ಹೋದ ದಿಕ್ಕಿಗೇ ಹಗುರವಾಗಿ ಉಜ್ಜಿ, ಒಣಬಟ್ಟೆಯಲ್ಲಿ ಪುಡಿ ಒರೆಸಿ ತೆಗೆಯುತ್ತಿದ್ದರು. ಮೇಲಿನ ಸತ್ತ ಪದರ ಹೋಗಿ, ಮಂಕಾಗಿದ್ದ ವಾಸನೆ ಮತ್ತೆ ಏಳುತ್ತಿತ್ತು. ಅವತ್ತು ಅವರ ಮನೆಯ ಜಗಲಿ ದಾಟಿ ಹೋಗುವವರಿಗೂ ಗೊತ್ತಾಗುತ್ತಿತ್ತು. "ಹೊರಗಡೆ ಅದಕ್ಕೆ ಬಟ್ಟೆ ಹಾಕಿ, ಬೇಡ ಅನ್ನಲ್ಲ. ಒಳಗಡೆ ಅದರ ಮೂಗು ಮುಚ್ಬೇಡಿ" ಅನ್ನುತ್ತಿದ್ದರು. ಇದನ್ನು ಎಷ್ಟು ಸಲ ಹೇಳಿದ್ದಾರೆ ಅಂದರೆ ಬೀದಿಯ ಮಕ್ಕಳು ನೆಗಡಿಯಾದಾಗ ಅವರ ಹಾಗೆಯೇ ದನಿ ಮಾಡಿ, "ಮೂಗು ಮುಚ್ಬೇಡಿ" ಅಂತ ಅಣಕಿಸುತ್ತಿದ್ದವು.

ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಅವರು ಮಾಡುತ್ತಿದ್ದ ಒಂದು ಕೆಲಸ ಇತ್ತು. ಬೀದಿಗೆ ಬಂದು ನಿಂತು, "ಯಾರ ಮನೇಲಾದ್ರೂ ಹುಳ ಜ್ವರದಲ್ಲಿದಾವೇನ್ರೇ?" ಅಂತ ಕೂಗುವುದು. ರೇಷ್ಮೆಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಅಷ್ಟರವರೆಗೆ ಊದುಬತ್ತಿಯ ಹೊಗೆಯೂ ಅದಕ್ಕೆ ಆಗದು. ಯಾರಾದರೂ "ನಮ್ಮನೇಲಿ ಮೂರನೇ ಜ್ವರ ಟೀಚರಮ್ಮಾ" ಅಂದರೆ ಸಾಕು, ಬಾಟಲಿ ಒಳಗಿಟ್ಟು, ಆ ಹುಳು ಗೂಡು ಕಟ್ಟುವವರೆಗೆ ಪಾಲಿಶ್ ಮುಂದಕ್ಕೆ ಹಾಕುತ್ತಿದ್ದರು. ಒಂದು ವರ್ಷ ಒಬ್ಬರ ಮನೆಯದು ಮುಗಿಯುವಷ್ಟರಲ್ಲಿ ಇನ್ನೊಬ್ಬರ ಮನೆಗೆ ಚಾಕಿಯ ಮರಿಹುಳು ಬಂದಿಳಿದು, ಮಳೆಗಾಲ ಬಂದು, ಪಾಲಿಶ್ ಆಗಲೇ ಇಲ್ಲ. ಬೈದುಕೊಂಡೇ ಸುಮ್ಮನಾದರು.

ಬೈಗುಳದಲ್ಲಿ ಮಾತ್ರ ಧಾರಾಳಿ. ಕಾಫಿ ಕೊಡುತ್ತಿದ್ದದ್ದು ಮಗುವಿಗೆ ಹಾಲು ಕುಡಿಸುವ ಒಳಲೆಯಷ್ಟು ಲೋಟದಲ್ಲಿ. ಸೆಂಟು ಹಾಕಿಕೊಂಡು ಬಂದವರನ್ನು ಜಗಲಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ನಾನು ಹೊಲಿದ ಕಾಜಾ ನೋಡಿ, "ಇದು ಗುಂಡಿ ಹಾಕೋ ತೂತಲ್ಲ, ಇಲಿ ಬಿಲ" ಅಂತ ಇಡೀ ಕ್ಲಾಸಿಗೆ ತೋರಿಸಿದರು. ನಾನು ಹೊಸ ಬಟ್ಟೆ ಕೇಳಿದ್ದಕ್ಕೆ ಕೊಡಲಿಲ್ಲ. "ಹೊಸದರಲ್ಲಿ ಯಾರು ಬೇಕಾದ್ರೂ ಮಾಡ್ತಾರೆ. ಬಿಚ್ಚು, ಅದೇ ಬಟ್ಟೇಲಿ ಮಾಡು. ಬಿಚ್ಚೋದು ಬಂದ್ರೆ ಹೊಲಿಯೋದು ಬರುತ್ತೆ ಕಣಮ್ಮ" ಅಂದರು. ಆ ಬಟ್ಟೆ ಬಿಚ್ಚಿ ಬಿಚ್ಚಿ ಜರಡಿಯಾಯಿತು. ಅವರಿಗೆ ಕರುಣೆ ಬರಲಿಲ್ಲ.

ದೇವದಾರು ಅನ್ನುವ ಹೆಸರಿನಿಂದ ಆದ ಫಜೀತಿ ಬೇರೆ. ಹೆಸರಲ್ಲೇ ದೇವರು ಇದ್ದಾನಲ್ಲ, ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಆಯುಧಪೂಜೆಯ ದಿನ ಇವರು ಹೂವು ತರಲು ಹೋದ ಸಮಯ ನೋಡಿ, ಭಕ್ತಿಯಿಂದ ಪೆಟ್ಟಿಗೆಗೆ ದೀಪದ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಲು ಕಡ್ಡಿ ಗೀರುತ್ತಿದ್ದಳಂತೆ. ಬಂದವರೇ ಕಡ್ಡಿ ಊದಿ ಆರಿಸಿದರು. "ದೇವದಾರು ಅಂದ್ರೆ ದೇವ್ರಲ್ಲ ಕಣಮ್ಮ, ಮರ. ದೇವ್ರಿಗೆ ಎಣ್ಣೆ ಬೇಕೇನೋ, ಮರಕ್ಕೆ ಬೇಡ. ನಿಂಗೆ ಹಚ್ಚಲೇಬೇಕು ಅಂದ್ರೆ ಆ ಮುಚ್ಚಳದ ಕೀಲಿಗೆ ಹಚ್ಚು, ಅದು ಕಬ್ಬಿಣ, ಆಯುಧ ಅದೇ." ಅಂದಿನಿಂದ ನಮ್ಮ ಬೀದಿಯಲ್ಲಿ ಆಯುಧಪೂಜೆಗೆ ಪೆಟ್ಟಿಗೆಯ ಕೀಲಿಗೆ ಒಂದು ತೊಟ್ಟು ಎಣ್ಣೆ, ಒಂದು ಬೊಟ್ಟು ಕುಂಕುಮ ಇಡುವುದು ಪದ್ಧತಿಯಾಯಿತು. ಆ ಸೊಸೆಯ ಸೀರೆಯೂ ಮುಂದಿನ ವರ್ಷ ಪೆಟ್ಟಿಗೆ ಸೇರಿತು.

ಇನ್ನು ಅವರ ಅಣ್ಣನ ಮಗನ ವಿಷಯ. ಚಿಕ್ಕಬಳ್ಳಾಪುರದಲ್ಲಿ ಲೇಔಟ್ ಮಾಡಿ ಸೈಟು ಮಾರುತ್ತಾನೆ. ಅತ್ತೆಯ ಕಣ್ಣಿಗೆ ಪೊರೆ ಬಂದಾಗ ಬೆಂಗಳೂರಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದವನು ಅವನೇ, ಆಪರೇಷನ್ ಮಾಡಿಸಿದವನೂ ಅವನೇ. ಅವನು ಕೆಟ್ಟವನಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಕೆಟ್ಟವರು ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಪ್ರೀತಿಯಿಂದ ಬರುವವನ ಕೈಗೆ ಬೀಗದ ಕೈಯನ್ನು ನಾವೇ ಕೊಟ್ಟಿರುತ್ತೇವೆ.

ಆಪರೇಷನ್ ಆದ ಮೇಲೆ ಬಗ್ಗಬಾರದು, ಭಾರ ಎತ್ತಬಾರದು, ಧೂಳು ತಾಗಬಾರದು ಅಂತ ಡಾಕ್ಟರು ಹೇಳಿದ್ದರು. ಅಣ್ಣನ ಮಗ ತನ್ನ ಮನೆಗೆ ಕರೆದ. "ಅವನ ಮನೆ ತುಂಬ ಅದೇನೋ ಗೋಡೆಗೆ ಸಿಗಿಸಿದಾನೆ, ಗಳಿಗೆಗೊಂದು ಸಲ ಪುಸ್ ಅನ್ನುತ್ತೆ, ಮಲ್ಲಿಗೆ ವಾಸನೆಯಂತೆ, ತಲೆ ಸಿಡಿಯುತ್ತೆ" ಅಂತ ಟೀಚರಮ್ಮ ಚಿಂತಾಮಣಿಗೆ ನಮ್ಮ ಮನೆಗೆ ಬಂದರು. ಅಷ್ಟು ದಿನ ಮನೆ ನೋಡಿಕೊಳ್ಳಲಿ ಅಂತ ಬೀಗದ ಕೈ ಅವನ ಹತ್ತಿರ ಇತ್ತು.

ಒಂದು ಸಂಜೆ ನನಗೆ ಮುನಿರತ್ನಮ್ಮನ ಫೋನು. "ಟೀಚರಮ್ಮನ ಮನೇಲಿ ಏನಮ್ಮ ನಡೀತಾ ಐತೆ? ನಿನ್ನೆಯಿಂದ ಮಿಷನ್ ಇಟ್ಟು ಏನೋ ಹೊಡೀತಾವ್ರೆ. ಘಾಟು ತಡ್ಯಕ್ಕಾಗಲ್ಲ. ನನ್ನ ಹುಳ ನಾಲ್ಕನೇ ಜ್ವರ ಎದ್ದವೆ, ಸೊಪ್ಪೇ ಮುಟ್ತಿಲ್ಲ, ತಲೆ ಎತ್ಕೊಂಡು ನಿಂತವೆ. ಕಿಟಕಿಗೆಲ್ಲ ಒದ್ದೆ ಗೋಣಿ ಕಟ್ಟಿದೀನಿ. ಕೇಳಕ್ಕೆ ಹೋದ್ರೆ, ಸರ್ಪ್ರೈಸು, ಯಾರಿಗೂ ಹೇಳ್ಬೇಡಿ ಅಂತಾನೆ ಆಯಪ್ಪ." ಪಕ್ಕದಲ್ಲೇ ಕಪ್ಪು ಕನ್ನಡಕ ಹಾಕಿ ಕೂತಿದ್ದ ಟೀಚರಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು. "ಪೆಟ್ಟಿಗೆ ಮುಚ್ಚಳ ತೆಗ್ದಿದಾರಾ ಕೇಳು." ಮುನಿರತ್ನಮ್ಮ ತೆಗೆದಿದ್ದಾರೆ ಅಂದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು.

ಅಣ್ಣನ ಮಗ ಬಾಗಿಲಲ್ಲೇ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ ನಿಂತಿದ್ದ. "ಬನ್ನಿ ಅತ್ತೆ, ಹೊಸ ಕಣ್ಣಿಗೆ ಹೊಸ ಪೆಟ್ಟಿಗೆ" ಅಂದ. ಕುರ್ಚಿ, ಪೆಟ್ಟಿಗೆ ಎರಡೂ ಫಳಫಳ ಹೊಳೆಯುತ್ತಿದ್ದವು. ನಮ್ಮ ಕಡೆ ಬೈಪಾಸಿನ ಉದ್ದಕ್ಕೂ ಸೋಫಾ ಅಂಗಡಿಗಳಿವೆಯಲ್ಲ, ಅಲ್ಲಿನ ಹೊಳಪು. ಅಂಗಡಿಯವರೇ ಬಂದು ಸ್ಪ್ರೇ ಮಾಡಿ ಹೋಗಿದ್ದರಂತೆ. ಮುಚ್ಚಳ ಎತ್ತಿ ತೋರಿಸಿದ. ಒಳಗೂ ಅದೇ ಹೊಳಪು, ತಳ, ಗೋಡೆ, ಮುಚ್ಚಳದ ಒಳಮೈ ಯಾವುದನ್ನೂ ಬಿಟ್ಟಿರಲಿಲ್ಲ. ಸೀರೆಗಳನ್ನು ಹಿಂದಿನ ದಿನ ಸಂಜೆಯೇ ಮತ್ತೆ ಜೋಡಿಸಿಟ್ಟಿದ್ದ, ಬಣ್ಣಬಣ್ಣವಾಗಿ, ಬರಿಮೈಯಲ್ಲಿ. "ಶೋರೂಂ ಥರ ಜೋಡ್ಸಿದೀನಿ ನೋಡಿ ಅತ್ತೆ. ಆ ಚಿಂದಿ ಬಟ್ಟೆ, ಲುಂಗಿ ಎಲ್ಲ ಕಸದ ಗಾಡಿಗೆ ಹಾಕ್ಬಿಟ್ಟೆ."

ಟೀಚರಮ್ಮ ಕನ್ನಡಕ ತೆಗೆಯಲಿಲ್ಲ. ಪೆಟ್ಟಿಗೆಯೊಳಗೆ ಮುಖ ಇಟ್ಟು ಮೂಸಿದರು. "ಸತ್ತೋಗಿದೆ" ಅಂದರು. ಆಮೇಲೆ ಕೈಹಾಕಿ ಒಂದು ಸೀರೆ ಎತ್ತಿದರು. ಮೇಲಿನವು ಬಂದವು, ತಳಕ್ಕೆ ಗೋಡೆಗೆ ತಾಗಿದ್ದವು ಬರಲಿಲ್ಲ. ಎಳೆದರೆ ಚರ್ ಅಂದವು. ಹೊರಗೆ ಮುಟ್ಟಿ ನೋಡಿದರೆ ಒಣಗಿದ ಹಾಗಿದ್ದ ಪಾಲಿಶ್ ಒಳಗೆ ಹಲಸಿನ ಮೇಣದ ಹಾಗೆ ಅಂಟಂಟು. ಮರದ ಎಣ್ಣೆ ಒಳಗಿನಿಂದ ಒಸರುತ್ತದೆ, ಅದರ ಮೇಲೆ ಬಿಗಿಯಾದ ಪದರ ಬಳಿದು ಮುಚ್ಚಳ ಹಾಕಿದರೆ ಅದು ಒಣಗುವುದೇ ಇಲ್ಲ. ತಳದಲ್ಲಿದ್ದದ್ದು ಮೊದಲು ಬಂದ ಸೀರೆಗಳು. ಮುನಿರತ್ನಮ್ಮನ ತಾಯಿಯ ಸೀರೆಯ ಸೆರಗು ಪೂರ್ತಿ ಅಂಟಿಕೊಂಡಿತ್ತು. ಅವಳ ಮಗಳ ಮದುವೆ ಗೊತ್ತಾಗಿತ್ತು, ಅದೇ ಸೀರೆಯಲ್ಲಿ ಧಾರೆ ಅಂತ ಬೀದಿಗೆಲ್ಲ ಹೇಳಿಕೊಂಡಿದ್ದಳು.

"ಅಯ್ಯೋ, ಬಿಡಿ ಅತ್ತೆ, ಎಲ್ರಿಗೂ ಹೊಸ ಸೀರೆ ಕೊಡಿಸ್ತೀನಿ" ಅಂದ ಅಣ್ಣನ ಮಗ. ನಿಜವಾಗಿಯೂ ಕೊಡಿಸುತ್ತಿದ್ದ, ಆ ಮಾತು ಒಪ್ಪುತ್ತೇನೆ. ಟೀಚರಮ್ಮ ಕೇಳಿದರು, "ಅವಳ ತಾಯಿ ಉಟ್ಟಿದ್ದು ಯಾವ ಅಂಗಡೀಲಿ ಸಿಗುತ್ತಪ್ಪ?" ಅವನು ಮೊಬೈಲ್ ಜೇಬಿಗಿಟ್ಟುಕೊಂಡ.

ಆಮೇಲೆ ಅವರು ಮಾಡಿದ ಕೆಲಸಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡೇ ಮನೆಮನೆಗೆ ಹೋದರು. ಪ್ರತಿ ಬಾಗಿಲಲ್ಲೂ ನಿಂತು, "ನಾನು ಜವಾಬ್ದಾರಿ ಅಂದಿದ್ದೆ. ಕೆಟ್ಟೋಗಿದೆ. ಬಂದು ನೋಡ್ರಿ" ಅಂದರು. ಅಣ್ಣನ ಮಗನ ಹೆಸರು ಎಲ್ಲೂ ಎತ್ತಲಿಲ್ಲ. ನಾನು ಬೀದಿಯಲ್ಲೇ ಜಗಳ ಆಡಿದೆ. "ಅವನು ಮಾಡಿದ್ದು ಅಂತ ಯಾಕೆ ಹೇಳಲ್ಲ ನೀವು?" ಅಂದೆ. "ಬೀಗದ ಕೈ ಕೊಟ್ಟೋಳು ನಾನು ತಾನೇ. ಸುಮ್ನಿರು" ಅಂದರು. ಫರ್ಜಾನಾ ಮಾತ್ರ ಅವನ ಮುಖಕ್ಕೇ ಕೇಳಿದಳು, "ನಮ್ಮ ಲುಂಗಿ ಬಿಸಾಕೋಕೆ ನೀನು ಯಾರಪ್ಪ?" ಅಂತ. ಅಷ್ಟಾದರೂ ಆಯಿತಲ್ಲ ಅಂತ ನನಗೆ ಸಮಾಧಾನ.

ಪೆಟ್ಟಿಗೆಯನ್ನು ಹಾಗೇ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಟೀಚರಮ್ಮ ಬಿಡಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ ನೋಡಿದರು, ಆ ಪಾಲಿಶ್ ಸ್ಪಿರಿಟ್ಟಿಗೆ ಬಗ್ಗಲಿಲ್ಲ. ಅಂಗಡಿಯವರು ಕಿತ್ತುಹಾಕುವ ರಾಸಾಯನಿಕ ಇದೆ ಅಂದರು. ಅದು ಮರಕ್ಕೆ ಇಳಿದರೆ ಮತ್ತೆ ಸೀರೆ ಇಡುವ ಹಾಗಿಲ್ಲ ಅಂತ ಇವರು ಬೇಡ ಅಂದರು. ಉಳಿದದ್ದು ಕೆರೆಯುವುದು. ಒಡೆದ ಕಿಟಕಿಗಾಜಿನ ನೇರ ಅಂಚು ಹಿಡಿದು, ಎಳೆ ನೋಡಿಕೊಂಡು, ಬೆರಳಗಲದಷ್ಟು ಬೆರಳಗಲದಷ್ಟು ಕೆರೆಯಬೇಕು. ನಾನು ರಜೆ ಹಾಕಿದೆ. ಮುನಿರತ್ನಮ್ಮ ಸೊಪ್ಪು ಹಾಕಿ ಬಂದು ಕೆರೆಯುತ್ತಿದ್ದಳು, ಫರ್ಜಾನಾ ಮಧ್ಯಾಹ್ನ ಬರುತ್ತಿದ್ದಳು, ಫಿಲೇಚರಿನ ಅಕ್ಕತಂಗಿಯರು ಕೆಲಸ ಬಿಟ್ಟ ಮೇಲೆ. ಹೊರಗೆ ಕುರ್ಚಿ ಹಾಕಿಕೊಂಡು ಹೇಳಿದರೆ ಸಾಕು, ಮಾಡುವವರು ನಾವಿದ್ದೇವೆ ಅಂತ ಎಲ್ಲರೂ ಕೈ ಮುಗಿದು ಹೇಳಿದೆವು. ಅವರು ಕೇಳಿದ್ದು ಒಂದು ದಿನ. "ಅಡ್ಡ ಕೆರೀತಾ ಇದೀರಿ, ಮರ ಏನು ಮೂಲಂಗಿನಾ?" ಅಂತ ಎರಡನೇ ದಿನ ಅವರೇ ಒಳಗಿಳಿದರು. ಪೆಟ್ಟಿಗೆಯೊಳಗೆ ಮೊಣಕಾಲೂರಿ, ತಲೆ ಬಗ್ಗಿಸಿ, ಆ ಪುಡಿಯಲ್ಲಿ ಕೂತು ಮೂಲೆಗಳನ್ನು ಕೆರೆದರು. ಹೊರಗೆಳೆಯಲು ಹೋದ ನನ್ನ ಕೈಗೆ ಹೊಡೆದರು.

ಆ ಕಣ್ಣು ಕೆಂಪಾಯಿತು, ನೀರಿಳಿಯಿತು, ಮತ್ತೆ ಆಸ್ಪತ್ರೆ ಆಯಿತು. ಪೂರ್ತಿ ಹೋಗಲಿಲ್ಲ, ಪೂರ್ತಿ ತಿಳಿಯಾಗಲೂ ಇಲ್ಲ. ಸೂಜಿಗೆ ದಾರ ಏರಿಸಲು ಇನ್ನೊಬ್ಬರನ್ನು ಕರೆಯುವಂತಾಯಿತು. ಹೊಲಿಗೆ ಟೀಚರಿಗೆ ಅದಕ್ಕಿಂತ ಅವಮಾನ ಬೇರೇನಿದೆ. ನೆಂಟರಲ್ಲಿ ಸುದ್ದಿಯಾದದ್ದು ಹೇಗೆ ಗೊತ್ತೇ? ಒಂದು ಪೆಟ್ಟಿಗೆಗೋಸ್ಕರ ಕಣ್ಣು ಕಳೆದುಕೊಂಡಳು ಅಂತ. ಆಪರೇಷನ್ ಮಾಡಿಸಿದವನ ಶ್ರಮ ಮಣ್ಣುಪಾಲು ಮಾಡಿದಳು ಅಂತ. ಒಳಗೆ ಸ್ಪ್ರೇ ಹೊಡೆಸಿದವನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹೊಳಪು ಕೊಟ್ಟವನು ದಾನಿ, ಕೆರೆದವಳು ಹುಚ್ಚಿ.

ಅಂಟಿದ ಸೀರೆಗಳನ್ನು ಬಿಡಿಸಿದ್ದು ಆ ಮಂಜುಗಣ್ಣಿನಲ್ಲೇ. ಮೊಂಡು ಸೂಜಿ ಹಿಡಿದು ಎಳೆಎಳೆಯಾಗಿ ಎಬ್ಬಿಸಿದರು. ಹೆಚ್ಚಿನವು ಸಣ್ಣಪುಟ್ಟ ಕಲೆಯೊಂದಿಗೆ ಉಳಿದವು. ನನ್ನದರ ಅಂಚಿನಲ್ಲಿ ಒಂದು ಗೇಣು ಜರಿ ಹೋಯಿತು. ಮುನಿರತ್ನಮ್ಮನದರ ಸೆರಗು ಉಳಿಯಲಿಲ್ಲ. ಅವಳು "ಹೋಗ್ಲಿ ಬಿಡಿ ಟೀಚರಮ್ಮಾ, ಏಮಿ ಚೇಸೇದಿ" ಏನು ಮಾಡೋದು ಅಂತ ತೆಲುಗಿನಲ್ಲಿ ತನಗೇ ಹೇಳಿಕೊಂಡು ಹೋದಳು. ಮಾರನೇ ವಾರ ಟೀಚರಮ್ಮ ಅವಳನ್ನು ಕರೆಸಿ ಸೀರೆ ಕೊಟ್ಟರು. ಬದನೆಕಾಯಿ ಬಣ್ಣದ ಒಡಲಿಗೆ ಗಿಳಿಹಸಿರು ಸೆರಗು ಕೂಡಿಸಿದ್ದರು. ಗಿಳಿಹಸಿರು ಅವರ ಸ್ವಂತ ಧಾರೆ ಸೀರೆ. ಅದನ್ನು ಅಡ್ಡಕ್ಕೆ ಕತ್ತರಿಸಿದ್ದರು. ದಾರ ಏರಿಸಿಕೊಟ್ಟವಳು ಫರ್ಜಾನಾ. ಯಾಕೆ ಏರಿಸಿಕೊಟ್ಟೆ ಅಂತ ನಾನು ಕೇಳಿದರೆ, "ಯಾರ ಸೀರೆ ಅಂತ ಹೇಳ್ಲೇ ಇಲ್ಲ ಕಣಕ್ಕ" ಅಂತ ಅವಳು ಅತ್ತಳು. ಮದುವೆಯಲ್ಲಿ ಹೆಣ್ಣಿನ ಸೆರಗು ನೋಡಿದ ಗಂಡಿನ ಕಡೆಯವರು, ಕಾಂಟ್ರಾಸ್ಟ್ ಚೆನ್ನಾಗಿದೆ, ಎಲ್ಲಿ ತಗೊಂಡಿರಿ ಅಂತ ಕೇಳಿದರು. ಟೀಚರಮ್ಮ ಮೂಲೆಯಲ್ಲಿ ಕೂತು ಅಡಿಗೆಭಟ್ಟರನ್ನು ಬೈಯುತ್ತಿದ್ದರು, ಸಾರಿಗೆ ಹುಳಿ ಹೆಚ್ಚಾಗಿದೆ ಅಂತ.

ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ವಾಸನೆ ಮೆಲ್ಲಗೆ ವಾಪಸ್ ಬಂತು. ಸೀರೆಗಳೂ ವಾಪಸ್ ಬಂದವು, ಹೊಸ ಹಳೆಬಟ್ಟೆ ಸುತ್ತಿಕೊಂಡು. ಒಬ್ಬಳೂ ಇಡುವುದಿಲ್ಲ ಅನ್ನಲಿಲ್ಲ. ಅದಾದ ಮೇಲೆ ಕೆಲವು ವರ್ಷ ಟೀಚರಮ್ಮ ಇದ್ದರು. ಈ ಸಲದ ಚಳಿಗಾಲದಲ್ಲಿ ಕೆಮ್ಮು ಅಂತ ಮಲಗಿದವರು ಏಳಲಿಲ್ಲ.

ಎಲೆ ಮಡಿಚಿ ಎದ್ದು ಬಂದೆ ಅಂದೆನಲ್ಲ. ಕೈ ತೊಳೆದು ನಡುಮನೆಗೆ ಬಂದರೆ ಅಲ್ಲಿ ಅಣ್ಣನ ಮಗ ಇಬ್ಬರು ಕೂಲಿಯವರ ಜೊತೆ ಪೆಟ್ಟಿಗೆಯ ಮುಂದೆ ನಿಂತಿದ್ದ. ಹೊರಗೆ ಟೆಂಪೊ ಬಂದಿತ್ತು. ನಂದಿಯ ಹತ್ತಿರ ಹೊಸದಾಗಿ ಕಟ್ಟಿಸಿದ ತೋಟದ ಮನೆಗಂತೆ, ಟಿವಿಯ ಕೆಳಗೆ ಇಡುವುದಕ್ಕೆ. "ಎಲ್ಲರೂ ಇದೀರಲ್ಲ, ಒಳ್ಳೇದಾಯ್ತು. ನಿಮ್ಮ ನಿಮ್ಮ ಸೀರೆ ತಗೊಂಡ್ಬಿಡಿ" ಅಂದ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಗಂಟು ಎತ್ತಿಕೊಂಡರು. ಅವನದೇ ಹಕ್ಕು, ರಕ್ತಸಂಬಂಧ, ನಾವು ಯಾರು. ಪೆಟ್ಟಿಗೆ ಬರಿದಾಯಿತು. ಅವನು ಬಗ್ಗಿ ಒಳಗೆ ನೋಡಿ, ಗಾಜಿನಲ್ಲಿ ಕೆರೆದ ಗೀರುಗಳ ಮೇಲೆ ಕೈಯಾಡಿಸಿ, "ಎಷ್ಟು ಹಾಳ್ ಮಾಡಿದಾರೆ ನೋಡಿ, ಪಾಪ. ಪರ್ವಾಗಿಲ್ಲ, ಅಲ್ಲಿಗೆ ಹೋದ್ಮೇಲೆ ಒಳಗೆಲ್ಲ ಇನ್ನೊಂದ್ಸಲ ಸ್ಪ್ರೇ ಹೊಡೆಸ್ತೀನಿ" ಅಂದ.

ಅವನಿಗೆ ಏನೂ ಗೊತ್ತಾಗಿರಲಿಲ್ಲ. ಒಂದು ಕಣ್ಣು, ಒಂದು ಸೆರಗು, ಅಷ್ಟು ಹೆಂಗಸರ ಬೆರಳು, ಇಷ್ಟರಲ್ಲಿ ಒಂದೂ ಅವನನ್ನು ಮುಟ್ಟಿರಲಿಲ್ಲ.

ಮುನಿರತ್ನಮ್ಮ ಬಂದು ಮುಚ್ಚಳ ಹಾಕಿದಳು. ಹಾಕಿ, ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೂತಳು. "ಎತ್ತಪ್ಪ" ಅಂದಳು. ಅವನು ನಕ್ಕ. ಫರ್ಜಾನಾ ಬಂದು ಅವಳ ಪಕ್ಕ ಕೂತಳು. ಅಕ್ಕತಂಗಿಯರು ಕೂತರು. ಕೂರಲು ಜಾಗವಿಲ್ಲದೆ ನಾನು ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕೂತೆ. ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೀಡಿ ಸೇದಲು ಹೋದರು. ಊಟ ಮುಗಿಸಿ ಬಂದ ನೆಂಟರೆಲ್ಲ ಬಾಗಿಲಲ್ಲಿ ಸೇರಿ, ಕಾರ್ಯದ ಮನೆಯಲ್ಲಿ ಇದೆಂಥ ರಂಪ ಅಂದರು. ಸಂಜೆ ಟೆಂಪೊ ಖಾಲಿ ಹೋಯಿತು.

ಅವತ್ತೇ ರಾತ್ರಿ ನಾವೆಲ್ಲ ಸೇರಿ ಹೊತ್ತು ದಾಟಿಸಿದ ಪೆಟ್ಟಿಗೆ ಈಗ ಎದುರುಮನೆಯಲ್ಲಿ, ಮುನಿರತ್ನಮ್ಮನ ಸಂಸಾರದ ಕೋಣೆಯಲ್ಲಿದೆ. ಸೀರೆಗಳೆಲ್ಲ ಅದರಲ್ಲೇ ಇವೆ. ಕಳವು ಅಂತ ಕೇಸು ಹಾಕುತ್ತಾನಂತೆ, ವಕೀಲರನ್ನೂ ನೋಡಿದ್ದಾನಂತೆ. ಹಾಕಲಿ. ಯಾವ ಕೋರ್ಟಿಗೆ ಕರೆದರೂ ಬೀದಿಯ ಅಷ್ಟೂ ಹೆಂಗಸರು ಪೆಟ್ಟಿಗೆ ಹೊತ್ತುಕೊಂಡೇ ಹೋಗುತ್ತೇವೆ. ಕಾಗದ ಪತ್ರ ಏನೂ ನಮ್ಮ ಹತ್ತಿರ ಇಲ್ಲ. ಜಡ್ಜಮ್ಮನೋ ಜಡ್ಜಪ್ಪನೋ ಇಳಿದು ಬಂದು ಮುಚ್ಚಳ ಎತ್ತಿ ಒಂದು ಸಲ ಮೂಸಿ ನೋಡಲಿ, ಆಮೇಲೆ ಹೇಳಲಿ ಅದು ಯಾರದ್ದು ಅಂತ.